ಗೋಪುರದ ಕಪ್

ಓವನ್ನಿನಿಂದ ಇಳಿಸಿದ ಕೇಕನ್ನು ತೇಜಶ್ರೀ ಒತ್ತಿ ನೋಡಿದಳು. ಕೇಕು ತಗ್ಗಲಿಲ್ಲ, ಬೆರಳು ನೊಂದಿತು.

“ಅತ್ತೆ, ಮೈದಾ ಎಷ್ಟು ಹಾಕಿದ್ರಿ?”

“ನೀನು ಎರಡು ಕಪ್ ಅಂದೆ, ನಾನು ಎರಡೇ ಹಾಕ್ದೆ,” ಅಂದಳು ಪಿಳ್ಳಮ್ಮ, ಮೇಲ್ಮನವಿಗೆ ಅವಕಾಶವಿಲ್ಲದ ದನಿಯಲ್ಲಿ.

ಬೆಳಿಗ್ಗೆ ತೂಕದ ಯಂತ್ರದ ಸೆಲ್ ಮುಗಿದಿತ್ತು. ಇನ್ನೂರೈವತ್ತು ಗ್ರಾಂ ಮೈದಾ ಅಂದರೆ ಎರಡು ಕಪ್ ಎಂದು ಫೋನ್ ನೋಡಿ ಹೇಳಿದವಳು ತೇಜಶ್ರೀಯೇ. ಕೈತುಂಬ ಬೆಣ್ಣೆ ಮೆತ್ತಿದ್ದರಿಂದ ಅಳೆಯುವ ಕೆಲಸ ಅತ್ತೆಯ ಪಾಲಿಗೆ ಬಂದಿತ್ತು. ತೇಜಶ್ರೀಗೆ ಸಿಕ್ಕ ಮೊದಲ ಆರ್ಡರ್ ಇದು: ರಿಚರ್ಡ್ಸ್ ಟೌನಿನ ಕಾವೇರಿಯ ಸೀಮಂತಕ್ಕೆ, ಸಂಜೆಯೊಳಗೆ. ಇದು ಕೆಟ್ಟರೆ ತಾವಿರುವ ಹೊರಮಾವು ಬಡಾವಣೆಯಾಚೆ ಅವಳ ಕೇಕನ್ನು ಕೇಳುವವರಿಲ್ಲ.

ಹೊಸ ಸೆಲ್ ಬಂತು. “ಇನ್ನೊಂದ್ಸಲ ಅಳೆದು ತೋರ್ಸಿ” ಅಂದಳು. ಪಿಳ್ಳಮ್ಮ ಕಪ್ ತುಂಬಿ, ಕಟ್ಟೆಗೆ ಕುಟ್ಟಿ ಕುಟ್ಟಿ ಇಳಿಸಿ, ಮತ್ತೆ ತುಂಬಿ, ಮೇಲೆ ಗೋಪುರ ಕಟ್ಟಿದಳು. ಶಿಖರದಿಂದ ಚೂರು ಉದುರಿತೆಂದು ಇನ್ನೊಂದು ಚಿಟಿಕೆ ಏರಿಸಿದಳು. ಕಪ್ಪಿನ ತೂಕ ಕಳೆದು ಯಂತ್ರ ನೂರ ಎಪ್ಪತ್ತು ತೋರಿಸಿತು.

“ನೂರ ಇಪ್ಪತ್ತೈದು ಬರ್ಬೇಕು ಅತ್ತೆ. ಕುಟ್ಬಾರ್ದು. ಚಾಕುವಲ್ಲಿ ಮೇಲ್ಗಡೆ ಸವರ್ಬಿಡ್ಬೇಕು.”

“ಬಸುರಿ ಹೆಂಗ್ಸಿಗೆ ಕಳ್ಸೋದನ್ನ ತಲೆ ಸವರಿ ಅಳೀತಾರೇನೇ? ಅದು ಅಂಗಡಿಯೋರ ಬುದ್ಧಿ. ಮನೇಲಿ ಅಳತೆ ಅಂದ್ರೆ ತುಂಬಿ ಚೆಲ್ಬೇಕು.”

ತೇಜಶ್ರೀ ವಾದಕ್ಕಿಳಿಯದೆ ತಾನೇ ಅಳೆದು ಎರಡನೇ ಕೇಕು ಬೇಯಿಸಿದಳು. ಅದು ಹೊತ್ತಿಗೆ ಸರಿಯಾಗಿ ಹೋಯಿತು. ಕಾವೇರಿಯಿಂದ ಖಾಲಿ ತಟ್ಟೆಯ ಫೋಟೋ ಬಂತು. ಮೊದಲನೆಯದನ್ನು ಪಿಳ್ಳಮ್ಮ ಕಾಫಿಯಲ್ಲಿ ಅದ್ದಿ, “ಇದ್ರಲ್ಲಿ ಪುಷ್ಟಿ ಐತೆ” ಎನ್ನುತ್ತ ಒಬ್ಬಳೇ ಮುಗಿಸಿದಳು.

ಮುಂದಿನ ವಾರ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಭೀಮೇಶ್ ತನ್ನ ಐವತ್ತನೇ ಹುಟ್ಟುಹಬ್ಬಕ್ಕೆ ಕೇಕು ಹೇಳಿದ. ಟೆರೇಸಿನಲ್ಲಿ ಯಾರೂ ಮೆಣಸಿನಕಾಯಿ ಒಣಗಿಸಕೂಡದೆಂದು, ಪಿಳ್ಳಮ್ಮನ ಮೊರದ ಫೋಟೋ ಸಮೇತ, ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದಾತ ಈತನೇ.

“ಯಾರ್ಗೇ ಇದು?” ಅಡುಗೆಮನೆಗೆ ಬಂದ ಪಿಳ್ಳಮ್ಮ ಕೇಳಿದಳು.

“ಭೀಮೇಶ್ ಅವ್ರಿಗೆ. ನೀವು ಮೈದಾ ಮುಟ್ಬೇಡಿ ಅತ್ತೆ, ನಿಮ್ಮ ದಮ್ಮಯ್ಯ.”

“ಕೊಡೇ ಇಲ್ಲಿ ಕಪ್ಪು.”

ತೇಜಶ್ರೀಯ ಎರಡೂ ಕೈ ಮತ್ತೆ ಬೆಣ್ಣೆಯಲ್ಲಿದ್ದವು. ಪಿಳ್ಳಮ್ಮ ಹಿಟ್ಟನ್ನು ಚಮಚದಲ್ಲಿ ಹಗುರಾಗಿ ಉದುರಿಸಿದಳು. ಕುಟ್ಟಲಿಲ್ಲ. ತಾನಾಗಿ ಚಾಕು ಹುಡುಕಿ ತಂದು, ಕಪ್ಪಿನ ಅಂಚಿಗೆ ಸರಿಯಾಗಿ ಸವರಿದಳು. ಚಾಕುವಿಗೆ ಅಂಟಿದ್ದನ್ನೂ ಬಿಡದೆ ಡಬ್ಬಕ್ಕೆ ಕೊಡವಿ, “ಅವ್ನಿಗೆ ಇಷ್ಟು ಸಾಕು” ಅಂದಳು.

ಯಂತ್ರ ನೂರ ಇಪ್ಪತ್ತೈದು ತೋರಿಸಿತು.