ಅಕ್ಕಿ ತೊಳೆದ ನೀರು

"ಕ್ಯಾಮೆರಾ ತಪ್ಪು ತೋರಿಸುತ್ತಿದೆ," ಎಂದರು ಪರೀಕ್ಷಕ ಮಿಹಿರ್ ಬಾಬು. ಬಂಗಾಳದ ಬಾಲಿಗಂಜ್‌ನಲ್ಲಿ ಶ್ರೀರಕ್ಷಾಳ ಮನೆಯವರ ಹೋಟೆಲಿನ ತಾರಸಿಯಲ್ಲಿ, ಪರೀಕ್ಷೆಗೆಂದೇ ವಾರದಿಂದ ನೀರು ಹಾಕದ ಬದನೆ ಗಿಡಗಳ ಸಾಲು ಪರದೆಯ ಮೇಲೆ ಕೆಂಪಾಗಿತ್ತು. ನಡುವಿನ ಒಂದು ಗಿಡ ಮಾತ್ರ ನೀಲಿ. ಬಾಯಾರಿದ ಗಿಡದ ಎಲೆ ಬಾಡುವ ಮೊದಲೇ ಬಿಸಿಯಾಗುತ್ತದೆ, ಆ ಬಿಸಿಯನ್ನು ಕ್ಯಾಮೆರಾ ಕೆಂಪಾಗಿ, ತಂಪನ್ನು ನೀಲಿಯಾಗಿ ತೋರಿಸುತ್ತದೆ ಎಂಬುದು ಅದನ್ನು ರೂಪಿಸಿದ ಶ್ರೀರಕ್ಷಾಳ ವಾದ. ಇವತ್ತು ಮಿಹಿರ್ ಬಾಬು ಒಪ್ಪಿದರಷ್ಟೇ ಆ ಕ್ಯಾಮೆರಾ ರೈತರ ಹೊಲ ತಲುಪುತ್ತಿತ್ತು.

ಕ್ಷಮೆ ಕೇಳುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಸಂಜೆ ಕಾಲೇಜಿನಲ್ಲಿ ಓದಿದ ಅವಳು ಯಾವಾಗಲೂ ಮೊದಲು ತನ್ನನ್ನೇ ಅನುಮಾನಿಸುತ್ತಿದ್ದಳು. ಪರದೆಯನ್ನು ಇನ್ನೊಮ್ಮೆ ನೋಡಿದಳು. "ಇಲ್ಲ ಸರ್, ಈ ಗಿಡಕ್ಕೆ ಯಾರೋ ನೀರು ಹಾಕಿದ್ದಾರೆ," ಎಂದಳು. ಕುಂಡದ ಮೇಲ್ಮಣ್ಣು ಬಿಸಿಲಿಗೆ ಒಣಗಿ ಬಿರಿದಿತ್ತು. ಅವಳು ತೋರುಬೆರಳನ್ನು ಪೂರ್ತಿ ಒಳಗಿಳಿಸಿ ಎತ್ತಿದಳು. ಬೆರಳಿಗೆ ಕೆಸರು ಮೆತ್ತಿತ್ತು.

ಮೆಟ್ಟಿಲ ಬಳಿ ನಿಂತಿದ್ದ ಅಮ್ಮ ಸುಗುಣಾ ಸೆರಗಿನ ತುದಿ ಹಿಂಡುತ್ತಾ, "ನಿನ್ನೆ ಅಕ್ಕಿ ತೊಳೆದ ನೀರು ಚೂರು ಹೊಯ್ದೆ ಮಗಾ. ನಮ್ಮೂರಿಂದ ತಂದ ಗುಳ್ಳ ಬದನೆ ಬೀಜದ ಗಿಡ ಅಲ್ವಾ ಅದು, ಸಾಯ್ಲಿಕ್ಕೆ ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ," ಎಂದರು.

"ಮತ್ತೆ ಉಳಿದದ್ದು ಸಾಯ್ಬಹುದಾ ಅಮ್ಮ?"

"ಅದೆಲ್ಲ ಇಲ್ಲಿನ ಬದನೆ ಅಲ್ವಾ."

ಮಗಳು ಅದನ್ನು ಬಂಗಾಳಿಯಲ್ಲಿ ಹೇಳಿದಾಗ ಮಿಹಿರ್ ಬಾಬು ನಕ್ಕುಬಿಟ್ಟರು. "ನಿಮ್ಮ ಕ್ಯಾಮೆರಾ ಅಮ್ಮನ ಗುಟ್ಟನ್ನೇ ಹಿಡಿದಿದೆಯಲ್ಲ. ಸೋಮವಾರ ಇದನ್ನು ಹೊಲಕ್ಕೆ ಯಾರು ತರುತ್ತಾರೆ?"

ಶ್ರೀರಕ್ಷಾ ಕೆಸರಿನ ಬೆರಳನ್ನು ಒರೆಸಿಕೊಳ್ಳದೆ, ತಲೆಯೆತ್ತಿ, "ನಾನೇ ತರ್ತೇನೆ ಸರ್," ಎಂದಳು.