ಪುಟ್ಟಿ ಹೋಗುವ ಜಾಗ

ಏಣಿಯ ಮೇಲೆ ನಿಂತು ಕೊನೆಯ ಟ್ಯೂಬ್‌ಲೈಟ್ ಬಿಚ್ಚುತ್ತಿದ್ದ ಎಲೆಕ್ಟ್ರಿಷಿಯನ್‌ನ ಕಣ್ಣು ಗೋಡೆಯ ಫೋಟೋ ಮೇಲೆ ಬಿತ್ತು. ಉದ್ದನೆಯ ಮೇಜು, ಅದರ ಮೇಲೆ ರಟ್ಟಿನ ಪೆಟ್ಟಿಗೆಗಳ ರಾಶಿ, ಹಿಂದೆ ಸಾಲಾಗಿ ನಿಂತ ಹತ್ತಾರು ಮಂದಿ. ಎಡದಿಂದ ಮೂರನೆಯವಳು, ಬಾಯ್ತುಂಬ ನಗುತ್ತ ಅಂಟಿನ ಡಬ್ಬಿ ಎತ್ತಿ ಹಿಡಿದವಳು, ಅವನ ತಂಗಿ ಪುಟ್ಟಿ.

ಅವನು ಕೆಳಗಿಳಿದ. ಬುದ್ಧಿಯ ಬೆಳವಣಿಗೆ ಕುಂಠಿತವಾದ ದೊಡ್ಡವರಿಗೆ ಕೆಲಸ ಕಲಿಸುವ ಕೇಂದ್ರ ಎಂದು ಅಮ್ಮ ಹೇಳುತ್ತಿದ್ದದ್ದು ಈ ಕಟ್ಟಡವನ್ನೇ. ಪುಟ್ಟಿ ಹನ್ನೊಂದು ವರ್ಷ ಇಲ್ಲಿಗೆ ಬಂದಿದ್ದಳು. ಅವನು ಕಾಲಿಟ್ಟದ್ದು ಇವತ್ತೇ, ಅದೂ ವೈರು ಕೀಳಲು. ಪುಟ್ಟಿಯ ವಿಚಾರವೆಲ್ಲ ಅಮ್ಮನ ಇಲಾಖೆ ಎಂದು ಅವನು ನಗುತ್ತ ಹೇಳುವುದಿತ್ತು.

"ಇದು ಮುಚ್ಚಿದ್ದು ಯಾವಾಗ?" ಎಂದು ಕಾವಲುಗಾರನನ್ನು ಕೇಳಿದ.

"ಎರಡು ತಿಂಗಳಾಯ್ತು. ನಡೆಸೋರೇ ಇಲ್ಲ. ಎಲ್ಲರ ಮನೆಗೂ ಪತ್ರ ಹೋಯ್ತು. ಟೀಚರಮ್ಮ ಒಬ್ಬೊಬ್ಬರನ್ನೂ ಗೇಟಿನವರೆಗೆ ಬಿಟ್ಟು, ಅತ್ತು, ಹೋದ್ರು."

"ಬೇರೆ ಕಡೆ ಸೇರಿಸ್ಕೊಳ್ಳಲ್ವಾ?"

"ಮೂವತ್ತು ದಾಟಿದವರನ್ನ ಯಾರು ಸೇರಿಸ್ಕೋತಾರೆ ಸ್ವಾಮಿ."

ಪುಟ್ಟಿಗೆ ಮೂವತ್ತನಾಲ್ಕು. ಅಂದು ಬೆಳಿಗ್ಗೆಯೂ ಅವಳು ಊಟದ ಡಬ್ಬಿ ಹಿಡಿದು ಒಂಬತ್ತರ ಬಸ್ಸಿಗೆ ಹೊರಟದ್ದನ್ನು ಅವನು ಕಣ್ಣಾರೆ ನೋಡಿದ್ದ.

ಪತ್ರ ಮನೆಗೆ ತಲುಪಿಲ್ಲ, ಅಷ್ಟು ಖಚಿತ. ತಲುಪಿದ್ದರೆ ಅಮ್ಮ ಹಾಸಿಗೆ ಹಿಡಿಯುತ್ತಿದ್ದಳು. ಅವಳ ಹೃದಯ ದುರ್ಬಲ, ಆಘಾತದ ಸುದ್ದಿ ಹೇಳಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ಹಾಗಾಗಿ ಅವನು ಹೆಂಡತಿಗೆ ಮಾತ್ರ ಹೇಳಿದ.

"ಯಾರೋ ಅವಳ ತಲೆ ಕೆಡಿಸಿರ್ತಾರೆ," ಎಂದಳು ಅವಳು. ಸ್ವಲ್ಪ ತಡೆದು, "ಹಾಗಾದ್ರೆ ಇನ್ಮೇಲೆ ಹಗಲೆಲ್ಲ ಮನೇಲೇ ಇರ್ತಾಳಾ?" ಎಂದಳು.

ಅವನು ಬಟ್ಟೆ ಬದಲಿಸಲು ಒಳಗೆ ಹೋದ.

ಮಾರನೆಯ ದಿನ ಕೆಲಸ ಬಿಟ್ಟು ತಂಗಿಯ ಬಸ್ಸನ್ನು ಹಿಂಬಾಲಿಸಿದ. ಅವಳು ದೊಡ್ಡ ಬಸ್ ನಿಲ್ದಾಣದಲ್ಲಿ ಇಳಿದು, ಯಾರನ್ನೂ ಕೇಳದೆ ಸೀದಾ ನಲ್ಲಿಯ ಪಕ್ಕದ ಮೂಲೆಗೆ ನಡೆದಳು. ಅಲ್ಲಿ ಆಗಲೇ ಐವರು ಕೂತಿದ್ದರು. ಫೋಟೋದಲ್ಲಿದ್ದ ಮುಖಗಳೇ. ಅವಳು ಸೇರಿ ಆರಾದರು.

ಅವನು ಕಂಬದ ಮರೆಯಲ್ಲಿ ನಿಂತ. ಆರೂ ಮಂದಿ ಬ್ಯಾಗಿನ ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡಿದ್ದರು. ಅಪರಿಚಿತನೊಬ್ಬ ಪಕ್ಕಕ್ಕೆ ಬಂದು ಕೂತರೆ ಎಲ್ಲರೂ ಒಟ್ಟಿಗೆ ಎದ್ದು ಮುಂದಿನ ಬೆಂಚಿಗೆ ಸರಿಯುತ್ತಿದ್ದರು. ಶೌಚಾಲಯಕ್ಕೆ ಒಬ್ಬರೇ ಹೋಗುತ್ತಿರಲಿಲ್ಲ. ನೆಲ ಒರೆಸುವವಳು ಅವರನ್ನು ಏಳಿಸದೆ, ಕಾಲುಗಳ ಸುತ್ತ ಒರೆಸಿಕೊಂಡು ಹೋದಳು. ಅಲ್ಲಿ ಅವರ ಮೇಲೆ ಕರುಣೆ ತೋರಿದವಳು ಅವಳೊಬ್ಬಳೇ. ಮಧ್ಯಾಹ್ನ ಎಲ್ಲರೂ ಡಬ್ಬಿ ತೆರೆದು ಅರ್ಧ ಉಂಡರು, ಉಳಿದರ್ಧವನ್ನು ಮುಚ್ಚಿಟ್ಟರು.

ಪೊಲೀಸಿನವನೊಬ್ಬ ಲಾಠಿ ಕುಟ್ಟುತ್ತ ಬಂದ. ಅವರಲ್ಲಿ ನೆರೆತ ತಲೆಯವನೊಬ್ಬ ಎದ್ದು ನಿಂತು, "ಬಸ್ಸಿಗೆ ಕಾಯ್ತಾ ಇದೀವಿ ಸಾರ್," ಎಂದ. ಪಾಠ ಒಪ್ಪಿಸುವ ಧಾಟಿ.

ಇದನ್ನು ಯಾರೋ ಕೂತು ಕಲಿಸಿದ್ದಾರೆ. ಭಿಕ್ಷೆಗೆ ಬಿಡುವವರು, ಕದಿಯಲು ಹಚ್ಚುವವರು, ಇನ್ನೂ ಕೆಟ್ಟವರು ಅಣ್ಣನ ಕಣ್ಮುಂದೆ ಸುಳಿದರು. ಹೋಗಿ ತಂಗಿಯ ಪಕ್ಕ ಕುಕ್ಕರಿಸಿದ.

"ಪುಟ್ಟಿ, ಇಲ್ಲಿಗೆ ಯಾರು ಕರ್ಕೊಂಡು ಬಂದ್ರು?"

"ಬಸ್ಸಿಗೆ ಕಾಯ್ತಾ ಇದೀವಿ."

"ನಾನು ಕಣೇ, ನಿನ್ನಣ್ಣ."

"ಗೊತ್ತು." ಅವಳು ಉಳಿದವರತ್ತ ನೋಡಿದಳು. "ಯಾರಿಗೂ ಹೇಳಬಾರದು."

"ಹಾಗಂತ ಯಾರಂದ್ರು?"

ಪುಟ್ಟಿ ತುಟಿ ಬಿಗಿದುಕೊಂಡಳು. ಆಮೇಲೆ ಅವನನ್ನು ಸಮಾಧಾನಪಡಿಸುವವಳಂತೆ ಹೇಳಿದಳು: "ಇಲ್ಲಿ ಮಳೆ ಬಂದ್ರೆ ನೆನೆಯಲ್ಲ ಅಣ್ಣ. ಲೈಟೂ ಆರಿಸಲ್ಲ."

ಕೈ ಹಿಡಿದು ಎಳೆದರೂ ಅವಳು ಏಳಲಿಲ್ಲ. ನಾಲ್ಕು ಗಂಟೆಯಾಗಬೇಕಂತೆ.

ಅವನು ಮನೆಗೆ ಬಂದ. ಹಿಂದಿನ ಕೋಣೆಯಲ್ಲಿ ಅಮ್ಮ ಮಂಚದ ಮೇಲೆ ಕೂತು ಪುಟ್ಟಿಯ ಹಳೇ ಬ್ಯಾಗಿಗೆ ಒಳಜೇಬು ಹೊಲಿಯುತ್ತಿದ್ದಳು. ಅವನು ಮೊದಲು ನೀರು ತಂದಿಟ್ಟ. ಮಾತ್ರೆ ಎಲ್ಲಿದೆ ಎಂದು ನೋಡಿಕೊಂಡ. ಆಮೇಲೆ ಪಕ್ಕದಲ್ಲಿ ಕೂತ.

"ಅಮ್ಮ, ಗಾಬರಿಯಾಗಬೇಡ. ಪುಟ್ಟಿಯ ಕೇಂದ್ರ ಮುಚ್ಚಿಬಿಟ್ಟಿದೆ. ಅವಳು ದಿನಾ ಬಸ್ ನಿಲ್ದಾಣದಲ್ಲಿ ಕೂತು ಬರ್ತಾಳೆ. ಯಾರೋ ಹಾಗೆ ಹೇಳಿಕೊಟ್ಟಿದ್ದಾರೆ. ನಾನು ಪೊಲೀಸಿಗೆ ದೂರು ಕೊಡ್ತೀನಿ."

ಅಮ್ಮನ ಸೂಜಿ ನಿಲ್ಲಲಿಲ್ಲ. "ಆರೂ ಜನ ಒಟ್ಟಿಗೇ ಕೂತಿದ್ರಾ?" ಎಂದಳು.

ಅವನು ಎಷ್ಟು ಜನ ಎಂದು ಹೇಳಿರಲಿಲ್ಲ.

"ಬ್ಯಾಗಿನ ಪಟ್ಟಿ ಕಾಲಿಗೆ ಸುತ್ಕೊಂಡಿದ್ಲಾ? ಅದೊಂದನ್ನ ಕಲಿಸೋಕೆ ಮೂರು ವಾರ ಹಿಡೀತು."

"ಅಮ್ಮ, ಇದೇನಿದು? ಅವಳಿಗೆ ಮನೆ ಇಲ್ವಾ? ನಾನಿಲ್ವಾ?"

ಅಮ್ಮ ಹಲ್ಲಿನಿಂದ ದಾರ ಕಡಿದಳು. ಮಗನ ಮುಖವನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅವನು ಏನಾದರೂ ಹೇಳಬಹುದೆಂದು ಅವಳು ಸ್ವಲ್ಪ ಹೊತ್ತು ಕಾದಳು. ಮುಂದಿನ ಕೋಣೆಯಲ್ಲಿ ಸೊಸೆ ಓಡಾಡುವ ಸದ್ದು ಕೇಳುತ್ತಿತ್ತು. ಅವನು ಆ ಕಡೆ ನೋಡಿ ತಲೆ ತಗ್ಗಿಸಿದ.

"ನಾನಿರೋ ತನಕ ಮನೆ ಇದೆ ಮಗಾ," ಎಂದಳು. "ನಾನು ಹೋದ ಮೇಲೆ ಅವಳು ಬದುಕಬೇಕಾದ ಜಾಗ ಅದು. ಈಗಲೇ ರೂಢಿಯಾಗಲಿ ಅಂತ ನಾವು ಆರು ಜನ ತಾಯಂದಿರೇ ಸೇರಿ ಕಲಿಸ್ತಾ ಇದೀವಿ."