ಬಣ್ಣ ಹಚ್ಚಿದ ಆಲ್ಥಿಯಾ

“ಬಾಲ್ ಹೆಕ್ಕೋಕೆ ನನ್ನ ಮಗಳು, ಮಸಿ ಬಳ್ಕೊಂಡು ಚಾಂಪಿಯನ್ ಆಗೋಕೆ ಬೇರೆಯವರ ಮಗಳು! ತಲೆ ನೆಟ್ಟಗಿದೆಯೇನ್ರೀ ನಿಮಗೆ?”

ಚಾಮುಂಡಿಯ ಗಂಟಲು ಪರದೆ ದಾಟಿ, ಮಲೇಷ್ಯಾದ ಪುಚೊಂಗ್‌ನ ಆ ಸಭಾಂಗಣದ ಮುಂದಿನ ಸಾಲಿಗೂ ಕೇಳಿಸಿತು. ಕನ್ನಡ ಸಂಘದ ಕಾರ್ಯದರ್ಶಿ ಉಷಾ ಮಾತ್ರ ಕೈಯಲ್ಲಿದ್ದ ಕಪ್ಪು ಬಣ್ಣದ ಡಬ್ಬಿಯನ್ನು ಕೆಳಗಿಡಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಅವಳದೇ ನಾಟಕ. ವಿಂಬಲ್ಡನ್ ಗೆದ್ದ ಮೊದಲ ಕಪ್ಪು ಆಟಗಾರ್ತಿ, ಅಮೆರಿಕದ ಆಲ್ಥಿಯಾ ಗಿಬ್ಸನ್ ಕಥೆ. ಬಿಳಿಯರ ಕ್ಲಬ್ಬುಗಳು ಆ ಹೆಣ್ಣುಮಗಳನ್ನು ಹೊರಗೇ ನಿಲ್ಲಿಸಿದ್ದನ್ನು ಬರೆಯುವಾಗ ಉಷಾ ಬಿಕ್ಕಿ ಬಿಕ್ಕಿ ಅತ್ತಿದ್ದಳು. ಅಷ್ಟು ಮೃದು ಮನಸ್ಸು ಅವಳದು.

ಎದುರಿನ ಕುರ್ಚಿಯಲ್ಲಿ ಹಾಲುಬಣ್ಣದ ಅನನ್ಯ ಅರ್ಧ ಕಪ್ಪಾಗಿ ಕೂತಿದ್ದಳು. ಬಾಗಿಲ ಬಳಿ ಚಾಮುಂಡಿಯ ಮಗಳು ಪೂರ್ವಿ, ಶಾಲೆಯ ಟೆನಿಸ್ ತಂಡದ ನಾಯಕಿ, ಯಾರ ಡಬ್ಬಿಯ ಹಂಗೂ ಇಲ್ಲದೆ ಕಪ್ಪಾಗಿ ನಿಂತಿದ್ದಳು. ಆ ಪಾತ್ರ ತನಗೇ ಬೇಕೆಂದು ಮೊದಲ ದಿನದಿಂದಲೂ ಕೇಳಿಕೊಂಡಿದ್ದಳು.

“ಅರ್ಥ ಮಾಡ್ಕೊಳ್ಳಿ ಚಾಮುಂಡಿ,” ಉಷಾ ದನಿಗೆ ಜೇನು ಸವರಿದಳು. “ಕಪ್ಪಗಿರೋ ಹುಡುಗಿಗೆ ಕಪ್ಪು ಪಾತ್ರ ಕೊಟ್ರೆ ವರ್ಣಭೇದ ಮಾಡ್ದಂಗಾಗಲ್ವಾ? ಮಗೂಗೆ ನೋವಾಗ್ಬಾರ್ದು ಅಂತ್ಲೇ ಕೊಡ್ಲಿಲ್ಲ.”

“ಓಹೋ! ಹಂಗಿದ್ರೆ ಕಪ್ ಕೊಡೋ ಇಂಗ್ಲೆಂಡ್ ರಾಣಿ ಪಾತ್ರನಾದ್ರೂ ಕೊಡ್ಬೇಕಿತ್ತು!”

“ರಾಣೀನಾ?” ಉಷಾಗೆ ನಗು ತಡೆಯಲಾಗಲಿಲ್ಲ. “ಅವರು ಬೆಳ್ಳಗಿದ್ರಲ್ರೀ! ನೋಡೋರು ನಗಲ್ವಾ?”

“ಆಂಟಿ, ಪೂರ್ವಿನೇ ಮಾಡ್ಲಿ ಲಾ. ಐ ಕಾಂಟ್ ಈವನ್ ಪ್ಲೇ,” ಎಂದಳು ಅನನ್ಯ, ಮಲೇಷ್ಯಾದ ಮಕ್ಕಳ ಧಾಟಿಯಲ್ಲಿ ‘ಲಾ’ ಸೇರಿಸಿ.

“ನೀನು ಬಾಯಿ ಆಡಿಸ್ಬೇಡ, ಬಣ್ಣ ಬಿರುಕು ಬಿಡುತ್ತೆ.”

ಪೂರ್ವಿ ಬಂದು ಮೇಜಿನ ಮೇಲಿದ್ದ ತನ್ನ ರಾಕೆಟ್ ಎತ್ತಿಕೊಂಡು, ಚೀಲಕ್ಕೆ ಹಾಕಿ ಜಿಪ್ ಎಳೆದಳು. ಉಷಾಳ ಮುಖ ಬಿಳುಚಿಕೊಂಡಿತು. ಇಡೀ ನಾಟಕಕ್ಕೆ ಇದ್ದದ್ದು ಅದೊಂದೇ ರಾಕೆಟ್.

“ಪುಟ್ಟಾ, ಅದನ್ನಾದ್ರೂ ಬಿಟ್ಟು ಹೋಗಮ್ಮ. ಆಲ್ಥಿಯಾಗೆ ಬೇಕು.”

“ಆಲ್ಥಿಯಾಗೆ ಬೇಕು ಅಂತಾನೇ ತಗೊಂಡು ಹೋಗ್ತಿದೀನಿ, ಆಂಟಿ.”

ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ ಅವತ್ತು ಅಚ್ಚ ಕನ್ನಡದಲ್ಲಿ ಹೇಳಿ ನಡೆದುಬಿಟ್ಟಳು. ಹಿಂದೆಯೇ ಚಾಮುಂಡಿ.

“ಏನು ಧಿಮಾಕು! ಬರ್ತಾರೆ ಬಿಡಿ, ಊಟದ ಹೊತ್ತಿಗೆ,” ಎಂದು ಗೊಣಗುತ್ತಾ ಉಷಾ ಮೂಲೆ ಮೂಲೆ ತಡಕಿದಳು. ಕೊನೆಗೆ ಕಾವಲುಗಾರನ ಕುರ್ಚಿಯ ಕೆಳಗೆ ಒಂದು ಸಿಕ್ಕಿತು.

ನಾಟಕ ಮುಗಿಯುವ ಹೊತ್ತಿಗೆ ದೀಪಗಳ ಶಾಖಕ್ಕೆ ಅನನ್ಯಳ ಹಣೆಯಿಂದ ಬೆವರು ಹರಿದು, ಕಪ್ಪನ್ನು ಸೀಳಿಕೊಂಡು ಗಲ್ಲದವರೆಗೂ ಬಿಳಿ ಗೆರೆಗಳು ಮೂಡಿದ್ದವು. “ಇನ್ನು ಬಣ್ಣ ನೋಡಿ ಯಾರನ್ನೂ ಹೊರಗೆ ನಿಲ್ಲಿಸಬೇಡಿ!” ಎಂದು ಅವಳು ಕೈಯಲ್ಲಿದ್ದದ್ದನ್ನು ಮೇಲೆತ್ತಿದಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಉಷಾ ಕಣ್ಣೊರೆಸಿಕೊಂಡು ಒಮ್ಮೆ ಬಾಗಿಲ ಕಡೆ ನೋಡಿದಳು. ಯಾರೂ ತಿರುಗಿ ಬಂದಿರಲಿಲ್ಲ.

ಆಲ್ಥಿಯಾಳ ಕೈಯ ಸೊಳ್ಳೆ ಬ್ಯಾಟಿಗೆ ಒಂದು ಸೊಳ್ಳೆ ಸಿಕ್ಕಿ ‘ಚಟ್’ ಎಂದಿತು.